ಹವಾಲ್ದಾರರ ಅರ್ಜಿ

ಅರಕಲಗೂಡು ಸೀಮೆಯ ಒಂದು ಹೋಬಳಿ ಕೇಂದ್ರದಲ್ಲಿ ಪ್ರೌಢಶಾಲೆಯ ಕನ್ನಡ ಪಂಡಿತನಾಗಿದ್ದು, ಕಡೆಕಡೆಗೆ ಮುಖ್ಯೋಪಾಧ್ಯಾಯನೂ ಆಗಿ ನಿವೃತ್ತನಾದ ನನಗೆ, ಪಾಠ ಹೇಳುವುದರ ಜೊತೆಗೆ ಅನಪೇಕ್ಷಿತವಾಗಿ ಒದಗಿಬಂದ ಇನ್ನೊಂದು ಉದ್ಯೋಗವೆಂದರೆ ಊರವರ ಅರ್ಜಿಗಳನ್ನು ಬರೆದುಕೊಡುವುದು. ಸಾಯಂಕಾಲ ಶಾಲೆ ಮುಗಿಸಿ ಮನೆಗೆ ಬರುವ ಹೊತ್ತಿಗೆ ಜಗಲಿಯ ಮೇಲೆ ಯಾರಾದರೊಬ್ಬರು ಕಾದು ಕುಳಿತೇ ಇರುತ್ತಿದ್ದರು. ಖಾತೆ ಬದಲಾವಣೆ, ಬಗರ್ ಹುಕುಂ ಸಾಗುವಳಿ, ಹೊಗೆಸೊಪ್ಪಿನ ಬ್ಯಾರನ್ನಿನ ಪರವಾನಗಿ, ವಿಧವಾ ವೇತನ, ಕೆರೆಯ ತೂಬಿನ ತಕರಾರು, ಹೀಗೆ ಲೋಕದ ಕಷ್ಟಗಳೆಲ್ಲವೂ ‘ಮಹಾಸ್ವಾಮಿಯವರಲ್ಲಿ ಬೇಡಿಕೊಳ್ಳುವುದೇನೆಂದರೆ’ ಎಂಬ ಒಂದೇ ಬಾಗಿಲಿನಿಂದ ಒಳಹೊಕ್ಕು ಬರುತ್ತಿದ್ದುವು. ಈ ಅರ್ಜಿಗಳಲ್ಲೆಲ್ಲ ಅರ್ಜಿದಾರನು ತನಗೆ ಇಲ್ಲದುದನ್ನು ಬೇಡುವವನು. ದಂಡಿನಿಂದ ನಿವೃತ್ತರಾಗಿ ಬಂದವರು ಬರೆಯಿಸಿಕೊಳ್ಳುತ್ತಿದ್ದ ಒಂದು ಬಗೆಯ ಅರ್ಜಿ ಮಾತ್ರ ಇವೆಲ್ಲಕ್ಕಿಂತ ಬೇರೆಯಾಗಿದ್ದಿತು. ತಾನು ಮಾಡಿದುದನ್ನು ಮಾಡಿದಂತೆಯೂ, ತನಗೆ ಆದುದನ್ನು ಆದಂತೆಯೂ ಬರೆದಿಟ್ಟುಕೊಳ್ಳಿರೆಂದು ಸರ್ಕಾರಕ್ಕೆ ಅರಿಕೆ ಮಾಡಿಕೊಳ್ಳುವ ಅಂಥ ಅರ್ಜಿಗೆ ನ್ಯಾಯವಾಗಿ ನೋಡಿದರೆ ಒಂದು ಹಾಳೆ ಕಾಗದ ಸಾಕಾಗಬೇಕು; ಅದಕ್ಕೆ ವರ್ಷಗಳೇ ಹಿಡಿಯುತ್ತವೆಂಬುದನ್ನು ನಾನು ತಿಳಿದದ್ದು ನಮ್ಮ ಹವಾಲ್ದಾರರ ಸಹವಾಸದಿಂದ.

ಊರೆಲ್ಲ ಅವರನ್ನು ಹವಾಲ್ದಾರರೆಂದೇ ಕರೆಯುತ್ತಿದ್ದುದರಿಂದ ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಸೈನ್ಯವನ್ನು ತ್ವರೆಯಿಂದ ಹಿಗ್ಗಿಸುತ್ತಿದ್ದ ಕಾಲದಲ್ಲಿ, ಮೈಸೂರಿಗೆ ಬಂದಿದ್ದ ಭರ್ತಿಯ ತಂಡದ ಮುಂದೆ ನಿಂತು ಎದೆ ಅಳೆಯಿಸಿಕೊಂಡು ಹೋದವರು. ವಾಹನ ಚಾಲಕರಾಗಿ ಹಿಮಾಲಯದ ತಿರುವುಗಳನ್ನೂ ಪಂಜಾಬಿನ ಬಯಲುಗಳನ್ನೂ ಕಂಡು, ಎರಡು ಯುದ್ಧಗಳನ್ನು ದಾಟಿ, 1981ರಲ್ಲಿ ಪಿಂಚಣಿ ಪಡೆದು ಊರಿಗೆ ಹಿಂತಿರುಗಿದ್ದರು. ಅವರ ಎಡ ಮೊಣಕಾಲು ಮಡಿಸಲು ಬಾರದು. ಊರಿನ ಮದುವೆಗಳಲ್ಲಿ ಪಂಕ್ತಿಗೆ ಕುಳಿತಾಗ ಎಲ್ಲರೂ ಚಕ್ಕಳಮಕ್ಕಳ ಹಾಕಿಕೊಂಡರೆ ಅವರೊಬ್ಬರು ಕಾಲನ್ನು ಎಲೆಯ ಪಕ್ಕಕ್ಕೆ ನೀಳವಾಗಿ ಚಾಚಿಕೊಳ್ಳಬೇಕಾಗುತ್ತಿದ್ದಿತು. ಬಡಿಸುವವರು ಅದನ್ನು ದಾಟಿ ಹೋಗಬಾರದೆಂದು ಸುತ್ತಿ ಬರುತ್ತಿದ್ದರು. ಈ ಕಾಲಿನ ವೃತ್ತಾಂತ ಏನೆಂದು ಊರಿಗೆ ತಿಳಿದದ್ದು ಅವರ ಬಾಯಿಂದಲ್ಲ. ಪಿಂಚಣಿಯ ಪ್ರಾರಂಭದ ದಿನಗಳಲ್ಲಿ ಅವರ ಡಿಸ್ಚಾರ್ಜ್ ಪುಸ್ತಕವನ್ನು ತಿರುವಿಹಾಕಿದ ಪುಣ್ಯಾತ್ಮರೊಬ್ಬರು ಅದರೊಳಗಿನ ಎರಡು ಮಾತುಗಳನ್ನು ಊರಿಗೆಲ್ಲ ಹಂಚಿಬಿಟ್ಟಿದ್ದರು: ‘ವಾಹನ ಅಪಘಾತ’. ಅಂದಿನಿಂದ, ಬೆನ್ನ ಹಿಂದೆ, ಅವರು ‘ಲಾರಿಯಿಂದ ಬಿದ್ದ ಹವಾಲ್ದಾರ’ರಾದರು.

ನನ್ನ ಬಳಿಗೆ ಅವರು ಬಂದದ್ದು 1988ರ ಸುಮಾರಿನಲ್ಲಿ. ಆ ಪುಸ್ತಕವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಆ ಪುಸ್ತಕದಲ್ಲಿ ಹದಿನೆಂಟು ವರ್ಷಗಳ ಬದುಕೆಲ್ಲವೂ ಬೇರೆಬೇರೆ ಕೈಗಳ ಬರವಣಿಗೆಯಲ್ಲಿ, ಬೇರೆಬೇರೆ ಮಸಿಗಳಲ್ಲಿ, ಅರ್ಧ ಅಳಿಸಿಹೋದ ರಬ್ಬರ್ ಮೊಹರುಗಳ ಕೆಳಗೆ ಅಡಕವಾಗಿದ್ದಿತು. ಸಮರ ಸೇವಾ ಸ್ಟಾರ್, ಪಶ್ಚಿಮೀ ಸ್ಟಾರ್, ಸಂಗ್ರಾಮ ಪದಕ, ಇವು ಒಂದು ಪುಟದಲ್ಲಿ. ಕಲಿತ ಕೋರ್ಸುಗಳು ಇನ್ನೊಂದರಲ್ಲಿ. ನಡತೆ ‘ಎಕ್ಸೆಂಪ್ಲರಿ’ ಎಂಬ ಮಾತು, ಸೈನ್ಯವು ಕೊಡಬಹುದಾದ ಪ್ರಶಸ್ತಿಗಳಲ್ಲಿ ಅದಕ್ಕಿಂತ ಮೇಲಾದುದಿಲ್ಲವಾದ ಮಾತು, ಮತ್ತೊಂದರಲ್ಲಿ. ಇವೆಲ್ಲದರ ನಡುವೆ, 1972ರ ಜನವರಿಯ ದಿನಾಂಕದ ಎದುರಿಗೆ, ಆ ಎರಡು ಪದಗಳು. ಅವರು ಆ ಸಾಲಿನ ಮೇಲೆ ಬೆರಳಿಟ್ಟು, “ಮೇಷ್ಟ್ರೇ, ಇದೊಂದನ್ನು ತಿದ್ದಿಸಿಕೊಡಿ. ದುಡ್ಡು ಬೇಡ” ಎಂದರು.

ನಡೆದುದು ಇದು. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಶಕರ್‌ಗಢದ ಚಾಚಿನೊಳಕ್ಕೆ ನಮ್ಮ ಸೈನ್ಯ ನುಗ್ಗಿದಾಗ ಅದಕ್ಕೆ ಎದುರಾದ ದೊಡ್ಡ ಅಡ್ಡಿಯೆಂದರೆ ಶತ್ರುಗಳು ಹುಗಿದಿಟ್ಟಿದ್ದ ಮೈನುಗಳ ವಿಸ್ತಾರವಾದ ಬಯಲುಗಳು. ಬಸಂತರ್ ನದಿಯ ಕಾಳಗವನ್ನು ಓದಿದವರಿಗೆ, ಆ ಮೈನುಗಳ ನಡುವೆ ಟ್ಯಾಂಕುಗಳಿಗೆ ದಾರಿ ಮಾಡಿಕೊಡಲು ಸ್ಯಾಪರುಗಳು ಎಂಥ ಬೆಲೆ ತೆತ್ತರೆಂಬುದು ತಿಳಿದಿರುತ್ತದೆ. ಡಿಸೆಂಬರ್ 17ರ ರಾತ್ರಿ ಕದನವಿರಾಮವಾಯಿತು. ಆದರೆ ಕದನವಿರಾಮವೆಂಬುದು ಬಂದೂಕು ಹಿಡಿದವರಿಗೆ ಅನ್ವಯಿಸುತ್ತದೆಯೇ ವಿನಾ ನೆಲದೊಳಗೆ ಕುಳಿತ ಮೈನಿಗೆ ಅನ್ವಯಿಸುವುದಿಲ್ಲ. 1972ರ ಜುಲೈ 2ರ ಸಿಮ್ಲಾ ಒಪ್ಪಂದವಾಗಿ, ಆ ಮೇಲೆ ಆ ನೆಲವನ್ನು ಹಿಂದಕ್ಕೆ ಕೊಡುವ ಪರ್ಯಂತ ನಮ್ಮವರು ಅಲ್ಲಿಯೇ ಇದ್ದರು. ಅವರಿಗೆ ಊಟ, ನೀರು, ಕಂಬಳಿಗಳು ದಿನವೂ ಹೋಗಬೇಕಾಗಿದ್ದುವು. ಹವಾಲ್ದಾರರು ಆಗ ಲಾನ್ಸ್ ನಾಯಕರು. ಜನವರಿಯ ಒಂದು ಬೆಳಗ್ಗೆ, ಮುಂದಿನ ಹತ್ತು ಗಜ ಕಾಣದಂಥ ಮಂಜಿನಲ್ಲಿ, ಹಿಟ್ಟಿನ ಮೂಟೆಗಳನ್ನು ತುಂಬಿದ ಶಕ್ತಿಮಾನ್ ಗಾಡಿಯನ್ನು ಕಬ್ಬಿನ ಗದ್ದೆಗಳ ನಡುವಿನ ಬಂಡಿಜಾಡಿನಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ನಿರಪಾಯವಾದ ದಾರಿಯ ಎರಡು ಅಂಚಿಗೂ ಬಿಳಿಯ ಪಟ್ಟಿಯನ್ನು ಗೂಟಗಳಿಗೆ ಎಳೆದು ಕಟ್ಟಿರುತ್ತಿದ್ದರಂತೆ. ರಾತ್ರಿ ಯಾವುದೋ ದನ ನುಗ್ಗಿ ಒಂದು ಗೂಟವನ್ನು ಕೆಡವಿತ್ತೋ, ಗಾಳಿಗೆ ಪಟ್ಟಿ ಸರಿದಿತ್ತೋ, ಒಂದು ತಿರುವಿನಲ್ಲಿ ಹಿಂದಿನ ಎಡಗಾಲಿ ಒಂದೆರಡಡಿ ಹೊರಕ್ಕೆ ಹೋಯಿತು. ಗಾಡಿಯ ಹಿಂಭಾಗ ಮೇಲಕ್ಕೆದ್ದು, ಪಕ್ಕದ ಹಳ್ಳಕ್ಕೆ ಮಗುಚಿಕೊಂಡಿತು. ಅವರಿಗೆ ಜ್ಞಾನ ಬಂದಾಗ ಮೈಮೇಲೆಲ್ಲ ಗೋಧಿಹಿಟ್ಟು. ಎಡ ಕಿವಿಯಲ್ಲಿ ಒಂದು ಸದ್ದು ನಿಂತುಬಿಟ್ಟಿದೆ. ಮೊಣಕಾಲು ಸ್ಟೀರಿಂಗ್ ಕಂಬದ ಕೆಳಗೆ ಸಿಕ್ಕಿಕೊಂಡಿದೆ. ಅವರನ್ನು ಹೊರಕ್ಕೆಳೆದವರು ಮೈನಿನ ಗುಂಡಿಯನ್ನು ಕಣ್ಣಾರೆ ಕಂಡವರು. ಆದರೆ ಅವರನ್ನು ಹಿಂದಿನ ಆಸ್ಪತ್ರೆಗೆ ಸಾಗಿಸಿದ ಮೇಲೆ ಅಲ್ಲಿ ಕಾಗದ ಬರೆದ ಗುಮಾಸ್ತನು ಗುಂಡಿಯನ್ನು ಕಂಡವನಲ್ಲ. ಗಾಡಿ ಮಗುಚಿತೆಂದು ಕೇಳಿದನು, ಕಾಲು ಮುರಿದಿರುವುದನ್ನು ನೋಡಿದನು, ಯುದ್ಧವೋ ಮುಗಿದಿದ್ದಿತು. ಬರೆದದ್ದು ಸುಳ್ಳೂ ಅಲ್ಲ. ಕಾರ್ಯವನ್ನು ಬರೆದು ಕಾರಣವನ್ನು ಬಿಟ್ಟನು, ಅಷ್ಟೆ.

ಬಿಟ್ಟ ಆ ಒಂದು ಮಾತಿನಿಂದ ಸೈನ್ಯದ ಲೆಕ್ಕದಲ್ಲಿ ಮನುಷ್ಯನ ಜಾತಿಯೇ ಬದಲಾಗಿಬಿಡುತ್ತದೆ. ಗಾಯಗೊಂಡವರನ್ನು ಅಲ್ಲಿ ಎರಡು ಪಂಗಡ ಮಾಡುತ್ತಾರೆ: ಯುದ್ಧದ ಗಾಯಾಳು, ಬರಿಯ ದೈಹಿಕ ಗಾಯಾಳು. ಮೊದಲನೆಯವನಿಗೆ ಪಿಂಚಣಿಯ ಲೆಕ್ಕ ಬೇರೆ, ಪದಕದ ಅರ್ಹತೆ ಬೇರೆ. ಶತ್ರುವಿನ ಕೈಯಿಂದ ಗಾಯಗೊಂಡವರಿಗೆ ಕೊಡುವ, ಇಂದು ಪರಾಕ್ರಮ ಪದಕವೆಂದು ಕರೆಯುವ ಆ ಪದಕವು ಎರಡನೆಯವನ ಎದೆಯ ಮೇಲೆ ಬರುವ ಹಾಗಿಲ್ಲ. ಹವಾಲ್ದಾರರಿಗೆ ಪದಕದ ಆಸೆ ಇರಲಿಲ್ಲವೆಂದು ನಾನು ಹೇಳಿದರೆ ನೀವು ನಂಬಬೇಕಾಗಿಲ್ಲ. ಇದ್ದಿತು, ಮತ್ತು ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವರನ್ನು ಕೊರೆಯುತ್ತಿದ್ದುದು ಅದಕ್ಕಿಂತ ಹೆಚ್ಚಾಗಿ ಗಾಡಿಯ ವಿಷಯ. ‘ವಾಹನ ಅಪಘಾತ’ವೆಂದರೆ ಚಾಲಕನ ತಪ್ಪೆಂದಲ್ಲವೆ? “ನನ್ನ ಕೈಯಲ್ಲಿ ಹದಿನೆಂಟು ವರ್ಷದಲ್ಲಿ ಒಂದು ಬಂಪರು ಜಖಂ ಆಗಿಲ್ಲ” ಎಂದು ಅವರು ಹೇಳುವಾಗ ಧ್ವನಿ ಒಂದಿಷ್ಟು ಏರುತ್ತಿದ್ದಿತು.

ಓದುಗರಿಗೆ ಈ ದಾಖಲೆಗಳ ಏರ್ಪಾಡಿನ ಪರಿಚಯ ಸ್ವಲ್ಪ ಬೇಕು. ಸಿಪಾಯಿ ಎಲ್ಲಿಯೇ ಇರಲಿ, ಅವನ ಬದುಕಿನ ಮೂಲಪತ್ರ ಅವನ ಬಳಿಯಲ್ಲಾಗಲಿ ಅವನ ಪಲಟಣದಲ್ಲಾಗಲಿ ಇರುವುದಿಲ್ಲ. ಆಯಾ ರೆಜಿಮೆಂಟಿನ, ಆಯಾ ದಳದ ದಾಖಲಾತಿ ಕಛೇರಿಯಲ್ಲಿ ಇರುತ್ತದೆ. ಫಿರಂಗಿ ದಳದವರದು ನಾಸಿಕದಲ್ಲಿ, ಸಿಗ್ನಲ್ಸಿನವರದು ಜಬಲ್ಪುರದಲ್ಲಿ, ಇ.ಎಂ.ಇ.ಯವರದು ಸಿಕಂದರಾಬಾದಿನಲ್ಲಿ, ಮದ್ರಾಸ್ ರೆಜಿಮೆಂಟಿನವರದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿ, ಮರಾಠಾ ಲಘು ಪದಾತಿಯವರದು ನಮ್ಮ ಬೆಳಗಾವಿಯಲ್ಲಿಯೇ. ಹವಾಲ್ದಾರರದು ಎಲ್ಲಿತ್ತೆಂದು ಹೇಳುವುದು ಬೇಡ. ಆಗ ಅಲ್ಲಿದ್ದವರು ಯಾರೂ ಈಗ ಅಲ್ಲಿಲ್ಲ. ಆ ಕಛೇರಿಯಲ್ಲಿ ಒಬ್ಬೊಬ್ಬ ಸಿಪಾಯಿಗೂ ಶೀಟ್ ರೋಲ್ ಎಂಬ ಒಂದು ಪತ್ರವುಂಟು. ಮದುವೆ, ಮಕ್ಕಳು, ಬಡ್ತಿ, ಶಿಕ್ಷೆ, ಗಾಯ, ರಜೆ, ಹೀಗೆ ಏನೇ ಆದರೂ ಪಲಟಣವು ಮೊದಲು ‘ಪಾರ್ಟ್ ಟು ಆರ್ಡರ್’ ಎಂಬ ಆಜ್ಞೆಯನ್ನು ಹೊರಡಿಸಬೇಕು. ಅದರ ಪ್ರತಿ ದಾಖಲಾತಿ ಕಛೇರಿಯನ್ನು ತಲಪಬೇಕು. ಅಲ್ಲಿ ಅದನ್ನು ನೋಡಿ ಶೀಟ್ ರೋಲಿಗೆ ಏರಿಸಬೇಕು. ಆಜ್ಞೆಯಲ್ಲಿಲ್ಲದುದು ಸೈನ್ಯದ ಮಟ್ಟಿಗೆ ನಡೆದೇ ಇಲ್ಲ. ಹೆಂಡತಿಯೊಂದಿಗೆ ಸಂಸಾರ ಮಾಡಿ ಮೂರು ಮಕ್ಕಳನ್ನು ಪಡೆದವನೂ ಆಜ್ಞೆ ಹೊರಡದಿದ್ದರೆ ಅಲ್ಲಿ ಬ್ರಹ್ಮಚಾರಿಯೇ.

ನಾನು ಬರೆದ ಅರ್ಜಿಗಳಿಗೆ ಬರುತ್ತಿದ್ದ ಉತ್ತರಗಳ ಇಂಗ್ಲಿಷು ವಿಚಿತ್ರವಾದುದು. ಸ್ವರಗಳನ್ನೆಲ್ಲ ಕಿತ್ತುಹಾಕಿ, ಪದಗಳನ್ನು ಎರಡು ಮೂರು ಅಕ್ಷರಗಳಿಗೆ ಇಳಿಸಿ, ವಂದನೆಯೂ ಇಲ್ಲದೆ ವಿದಾಯವೂ ಇಲ್ಲದೆ, ಒಂದು ಎರಡು ಮೂರು ಎಂದು ಕ್ರಮಾಂಕ ಹಾಕಿದ ವಾಕ್ಯಗಳು. ನಾನು ಬರೆಯುತ್ತಿದ್ದ ‘ಅತ್ಯಂತ ವಿನಮ್ರತಾಪೂರ್ವಕವಾಗಿ’ ಎಂಬ ಧಾಟಿಯ ಇಂಗ್ಲಿಷಿಗೂ ಅದಕ್ಕೂ ಭೂಮ್ಯಾಕಾಶಗಳ ಅಂತರ. ಹವಾಲ್ದಾರರು ನನ್ನ ಕರಡನ್ನು ಓದಿಸಿ ಕೇಳಿ, “ಇದರಲ್ಲಿ ಅಳು ಜಾಸ್ತಿಯಾಯಿತು. ನಂಬರು, ರ‍್ಯಾಂಕು, ಹೆಸರು ಹಾಕಿ, ವಿಷಯ ಹೇಳಿ” ಎನ್ನುತ್ತಿದ್ದರು. ತಮ್ಮ ಆರ್ಮಿ ನಂಬರನ್ನು ಅವರು ಹೇಳುವಾಗ ಮಾತ್ರ, ಕುಳಿತಲ್ಲಿಯೇ, ಬೆನ್ನು ನೆಟ್ಟಗಾಗುತ್ತಿದ್ದಿತು. ಉತ್ತರಗಳ ತಾತ್ಪರ್ಯವೆಲ್ಲ ಒಂದೇ: ದಾಖಲೆಯಂತೆ ಗಾಯದ ಕಾರಣ ವಾಹನ ಅಪಘಾತ, ಅದಕ್ಕೆ ವ್ಯತಿರಿಕ್ತವಾದ ಸಮಕಾಲೀನ ಪತ್ರವಿದ್ದರೆ ಕಳುಹಿಸತಕ್ಕದ್ದು. ಸಮಕಾಲೀನ ಪತ್ರವೆಲ್ಲವೂ ಅವರ ಬಳಿಯಲ್ಲಿಯೇ ಇರುವಾಗ ನಾವು ಎಲ್ಲಿಂದ ಕಳುಹಿಸುವುದು?

ಹಾಗೆಂದು ದಾಖಲೆಯನ್ನು ಸುಲಭವಾಗಿ ತಿದ್ದಬಾರದೆಂಬ ನಿಯಮವೇ ಅನ್ಯಾಯವೆಂದು ನಾನು ಹೇಳಲಾರೆ. ಉಪಾಧ್ಯಾಯನಾಗಿದ್ದವನು ಹಾಗೆ ಹೇಳುವುದು ಕಷ್ಟ. ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದು ನೋಡಿದರೆ ಊರಿನ ಮಕ್ಕಳಲ್ಲಿ ಅರ್ಧಕ್ಕರ್ಧ ಜೂನ್ ತಿಂಗಳ ಒಂದನೆಯ ತಾರೀಖಿನಂದೇ ಹುಟ್ಟಿದಂತೆ ಕಾಣುತ್ತದೆ. ಜನನವನ್ನು ‘ದೊಡ್ಡ ಮಳೆಯ ವರ್ಷ’, ‘ಪ್ಲೇಗಿನ ಮಾರನೆಯ ವರ್ಷ’ ಎಂದು ನೆನಪಿಟ್ಟುಕೊಂಡು ಬಂದ ತಾಯಿತಂದೆಗಳ ಮುಂದೆ ಕುಳಿತ ಮೇಷ್ಟರು ಇನ್ನೇನು ಬರೆಯಬೇಕು? ಅಕ್ಷರವಿಲ್ಲದೆ ಭರ್ತಿಗೆ ಹೋದವರ ವಯಸ್ಸನ್ನು ವೈದ್ಯರು ಮೀಸೆಯ ಮೇಲೆ ಅಂದಾಜು ಮಾಡಿ ಬರೆದುಕೊಳ್ಳುತ್ತಿದ್ದ ಕಾಲವೂ ಉಂಟು. ಇಂಥ ತಾರೀಖುಗಳನ್ನೆಲ್ಲ ನಿವೃತ್ತಿ ಹತ್ತಿರ ಬಂದಾಗ ತಿದ್ದಬಹುದೆಂದು ಬಿಟ್ಟರೆ ಯಾರೂ ನಿವೃತ್ತರಾಗುವುದಿಲ್ಲ. ಕೆಲಸಕ್ಕೆ ಸೇರಿದ ಐದು ವರ್ಷದೊಳಗಾಗಿ ಕೇಳದವನು ಆಮೇಲೆ ಕೇಳಕೂಡದೆಂಬ ಕೇಂದ್ರ ಸರ್ಕಾರದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಎತ್ತಿಹಿಡಿದದ್ದು ಈ ಕಾರಣದಿಂದಲೇ. ಇದು ಸಿಪಾಯಿಗಳಿಗೆ ಮಾತ್ರ ಒದಗುವ ಸಂಕಟವೆಂದು ತಿಳಿಯಬೇಕಾಗಿಲ್ಲ. 2012ರಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರೇ ತಮ್ಮ ಹುಟ್ಟಿದ ವರ್ಷಕ್ಕಾಗಿ ಅದೇ ನ್ಯಾಯಾಲಯದ ಮೆಟ್ಟಿಲೇರಿದರು. ಸೇನಾ ಮುಖ್ಯಾಲಯದ ಒಂದು ಶಾಖೆ 1950 ಎಂದೂ ಇನ್ನೊಂದು ಶಾಖೆ 1951 ಎಂದೂ ಅವರನ್ನು ಹುಟ್ಟಿಸಿದ್ದುವು. ಕೊನೆಗೆ ಅರ್ಜಿಯನ್ನು ಹಿಂದಕ್ಕೆ ಪಡೆದು, 1950ರ ಲೆಕ್ಕದಂತೆಯೇ ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ನಿವೃತ್ತರಾದರು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಮೊದಲು ನೆನಪಾದವರು ನಮ್ಮ ಹವಾಲ್ದಾರರು. ಅವರು ಆಗ ಇರಲಿಲ್ಲ, ಇದ್ದಿದ್ದರೆ ನಗುತ್ತಿದ್ದರು.

ಪತ್ರಗಳಿಂದ ಕೆಲಸವಾಗುವುದಿಲ್ಲವೆಂದು ಮನದಟ್ಟಾದ ಮೇಲೆ, ಒಂದು ಬೇಸಗೆಯ ರಜೆಯಲ್ಲಿ, ಅರಸೀಕೆರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿದು ನಾವಿಬ್ಬರೂ ಆ ಕಛೇರಿಗೇ ಹೋದೆವು. ದಂಡಿನ ಪ್ರದೇಶಗಳು ಎಲ್ಲಿಯಾದರೂ ಒಂದೇ: ಸುಣ್ಣ ಬಳಿದ ಕಲ್ಲುಗಳು, ಗೇರುಕೆಂಪಿನ ಅಂಚು ಹಾಕಿದ ಮರಗಳು, ಗುಡಿಸಿ ಗುಡಿಸಿ ನುಣುಪಾದ ನೆಲ. ಹವಾಲ್ದಾರರು ಗೇಟಿನ ಬಳಿ ಬಂದೊಡನೆ ಹತ್ತು ವರ್ಷ ಚಿಕ್ಕವರಾದರು; ಊನವಾದ ಕಾಲನ್ನು ಎಳೆಯುವ ರೀತಿಯಲ್ಲಿಯೂ ಒಂದು ತಾಳ ಬಂದಿತು. ಒಳಗೆ, ಛಾವಣಿಯವರೆಗೆ ಕಬ್ಬಿಣದ ಚೌಕಟ್ಟುಗಳಲ್ಲಿ ಕಟ್ಟುಕಟ್ಟಾಗಿ ಜೋಡಿಸಿದ ಕಡತಗಳ ನಡುವೆ, ಕೇರಳದ ಕಡೆಯ ಒಬ್ಬ ನಾಯಬ್ ಸುಬೇದಾರ್ ಗುಮಾಸ್ತರು ನಮ್ಮನ್ನು ಕೂರಿಸಿ, ಚಹ ತರಿಸಿ, ನಮ್ಮ ಮಾತನ್ನೆಲ್ಲ ಕೇಳಿದರು. ಸರ್ಕಾರದ ಯಾವ ಕಛೇರಿಯಲ್ಲಿಯೂ ನನಗೆ ಅಷ್ಟು ಮರ್ಯಾದೆ ಸಿಕ್ಕಿದುದಿಲ್ಲವೆಂದು ಇಲ್ಲಿ ಹೇಳಿಬಿಡಬೇಕು. ಆಮೇಲೆ ಅವರು ಶೀಟ್ ರೋಲನ್ನು ತರಿಸಿ, ನಮ್ಮ ಕೈಗೆ ಕೊಡದೆ, ತಾವೇ ಒಂದೊಂದಾಗಿ ಓದತೊಡಗಿದರು. ಗಾಯದ ಸಾಲು ಬಂದಿತು, ಪುಸ್ತಕದಲ್ಲಿದ್ದಂತೆಯೇ ಇದ್ದಿತು. ಅವರು ಪುಟ ಮಗುಚಿ, ಕುಟುಂಬದ ವಿವರಕ್ಕೆ ಬಂದು, “ಹೆಂಡತಿ: ಪುಟ್ಟಿ ದೇವಿ” ಎಂದು ಓದಿದರು.

ಹವಾಲ್ದಾರರು ಅದಕ್ಕೆ ಏನೂ ಹೇಳಲಿಲ್ಲ. ನಾನೇ, “ಅದು ಯಾರು?” ಎಂದೆ. ಏಕೆಂದರೆ ಅವರ ಹೆಂಡತಿ ಜಯಮ್ಮನವರು. ರೇಷನ್ ಕಾರ್ಡಿನಲ್ಲಿ ಜಯಮ್ಮ, ಮತದಾರರ ಪಟ್ಟಿಯಲ್ಲಿ ಜಯಮ್ಮ, ಸೊಸೈಟಿಯ ಷೇರು ಪತ್ರದಲ್ಲಿ ಜಯಮ್ಮ, ಅವರಿಗೆ ಅಕ್ಷರ ಕಲಿಸಿದ ಶಾಲೆಯ ಪುಸ್ತಕದಲ್ಲಿಯೂ ಜಯಮ್ಮ.

ಮದುವೆಯಾದದ್ದು 1967ರಲ್ಲಿ, ವಾರ್ಷಿಕ ರಜೆಯಲ್ಲಿ. ಹಿಂತಿರುಗಿ ಹೋದ ಮೇಲೆ ಪಲಟಣದ ಗುಮಾಸ್ತನ ಮುಂದೆ ನಿಂತು ಮದುವೆಯ ವಿಷಯವನ್ನು ಅರಿಕೆ ಮಾಡಿಕೊಳ್ಳಬೇಕಾಯಿತು. ಹೆಂಡತಿಯ ಹೆಸರೇನೆಂದು ಅವನು ಕೇಳಿದನು. ನಮ್ಮ ಕಡೆಯಲ್ಲಿ ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಹೆಂಡತಿಯ ಹೆಸರನ್ನು ನಾಲ್ಕು ಜನರ ಮುಂದೆ ಹೇಳಲು ಗಂಡನಿಗೂ ಅಷ್ಟೇ ಸಂಕೋಚವಿದ್ದ ಕಾಲ ಅದು. ಮದುವೆಯಾಗಿ ಇನ್ನೂ ತಿಂಗಳು ಕಳೆಯದ ಇಪ್ಪತ್ತೆರಡರ ಹುಡುಗ, ಹಿಂದಿನ ಸಾಲಿನಲ್ಲಿ ಗೆಳೆಯರು ಕಿಸಿಕಿಸಿ ನಗುತ್ತಿರುವಾಗ, ಅತ್ತೆಯ ಮನೆಯಲ್ಲಿ ಎಲ್ಲರೂ ಕೂಗುತ್ತಿದ್ದ ‘ಪುಟ್ಟಿ’ ಎಂಬ ಹೆಸರನ್ನೇ ನುಂಗಿ ನುಂಗಿ ಹೇಳಿಬಿಟ್ಟನು. ಗುಮಾಸ್ತನು ಉತ್ತರದೇಶದವನು. ಅವನ ಊರಿನಲ್ಲಿ ಮದುವೆಯಾದ ಹೆಣ್ಣೆಂದ ಮೇಲೆ ಹೆಸರಿನ ಮುಂದೆ ‘ದೇವಿ’ ಎಂದು ಇರಲೇಬೇಕು. ಅದಿಲ್ಲದ ಹೆಸರು ಅವನಿಗೆ ಅರ್ಧ ಬರೆದಂತೆ ಕಂಡಿರಬೇಕು. ಗೌರವದಿಂದಲೇ ಸೇರಿಸಿದನು. ಆಜ್ಞೆ ಹೊರಟಿತು, ದಾಖಲಾತಿ ಕಛೇರಿಯನ್ನು ತಲಪಿತು, ಶೀಟ್ ರೋಲಿಗೆ ಏರಿತು. ದಕ್ಷಿಣದ ಎಷ್ಟೋ ಪುಟ್ಟಮ್ಮ, ಚಿಕ್ಕಮ್ಮ, ತಾಯಮ್ಮಂದಿರು ಈ ಬಗೆಯಾಗಿ ಸೈನ್ಯದ ಕಡತಗಳಲ್ಲಿ ದೇವಿಯರಾಗಿದ್ದಾರೆಂದು ಆ ನಾಯಬ್ ಸುಬೇದಾರರೇ ನಗುತ್ತ ಹೇಳಿದರು.

ಅನಂತರ ನಗುವುದನ್ನು ನಿಲ್ಲಿಸಿ ಅವರು ಹೇಳಿದ ಮಾತು ಮುಖ್ಯವಾದುದು. “ಸಾಹೇಬರೇ, ನೀವು ಕಾಲಿನ ಸಾಲಿಗಾಗಿ ಬಂದಿದ್ದೀರಿ. ಅದು ತಿದ್ದಿದರೂ ತಿದ್ದದಿದ್ದರೂ ನಿಮ್ಮ ಪಿಂಚಣಿ ನಿಮಗೆ ಬರುತ್ತದೆ. ಈ ಸಾಲನ್ನು ಇವತ್ತು ತಿದ್ದಿಸದಿದ್ದರೆ ನಿಮ್ಮ ತರುವಾಯ ಜಯಮ್ಮನವರಿಗೆ ಒಂದು ಕಾಸೂ ಬರುವುದಿಲ್ಲ. ಕುಟುಂಬ ಪಿಂಚಣಿ ಪುಟ್ಟಿ ದೇವಿಯದು. ಪುಟ್ಟಿ ದೇವಿ ಎಂಬುವಳನ್ನು ನೀವು ಎಲ್ಲಿಂದ ತರುತ್ತೀರಿ?” ಹವಾಲ್ದಾರರು ಈ ಮಾತನ್ನು ಮೊದಲು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ, ಅವರ ಲಕ್ಷ್ಯವೆಲ್ಲ ಹಿಂದಿನ ಪುಟದಲ್ಲಿಯೇ ಇದ್ದಿತು. ತನಗೆ ನೋವಾದ ತಪ್ಪು ಮನುಷ್ಯನಿಗೆ ದೊಡ್ಡದಾಗಿ ಕಾಣುತ್ತದೆ; ಇನ್ನೊಬ್ಬರಿಗೆ ಮುಂದೆಂದೋ ನೋವು ತರಬಹುದಾದ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಅಷ್ಟು ವರ್ಷ ಅವರನ್ನು ಕಾಡಿದ ಸಾಲಿಗಿಂತ, ಯಾರನ್ನೂ ಕಾಡದೆ ಅದರ ಮಗ್ಗುಲಲ್ಲಿಯೇ ಮಲಗಿದ್ದ ಈ ಸಾಲು ಎಷ್ಟೋ ಪಾಲು ಘೋರವಾದುದೆಂದು ಹಿಂತಿರುಗುವಾಗ ರೈಲಿನಲ್ಲಿ ನಾನು ಅವರಿಗೆ ಬಗೆಬಗೆಯಾಗಿ ಹೇಳಬೇಕಾಯಿತು.

ಹೆಸರಿನ ತಿದ್ದುಪಡಿಯ ವಿಧಿ ಕ್ಲಿಷ್ಟವಾದರೂ ಅಸಾಧ್ಯವಲ್ಲ. ಪುಟ್ಟಿ ದೇವಿ, ಪುಟ್ಟಿ, ಜಯಮ್ಮ ಈ ಮೂವರೂ ಒಬ್ಬರೇ ಎಂದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ದಂಪತಿಗಳಿಬ್ಬರ ಪ್ರಮಾಣಪತ್ರ, ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ, ತಹಸೀಲ್ದಾರರ ದೃಢೀಕರಣ, ಇಬ್ಬರೂ ಒಟ್ಟಿಗೆ ಇರುವ ಭಾವಚಿತ್ರ. ನಮೂನೆಯಲ್ಲಿ ಒಂದು ಕಡೆ ‘ಸರಪಂಚ’ರ ರುಜು ಬೇಕೆಂದಿದ್ದಿತು. ನಮ್ಮಲ್ಲಿ ಆಗ ಮಂಡಲ ಪಂಚಾಯಿತಿಗಳ ಕಾಲ, ಇದ್ದವರು ಪ್ರಧಾನರು. ಪ್ರಧಾನರು ರುಜು ಹಾಕಿದ್ದಕ್ಕೆ, ‘ಸರಪಂಚರ ರುಜು ಇಲ್ಲ’ವೆಂದು ಕಾಗದಗಳು ಹಿಂದಕ್ಕೆ ಬಂದುವು. ಕರ್ನಾಟಕದಲ್ಲಿ ಸರಪಂಚರೆಂಬುವರು ಇಲ್ಲವೆಂಬುದಕ್ಕೆ ಜಿಲ್ಲೆಯ ಸೈನಿಕ ಕಲ್ಯಾಣ ಕಛೇರಿಯಿಂದ ಇನ್ನೊಂದು ಪತ್ರ ಬರೆಯಿಸಿ ಕಳುಹಿಸಿದ ಮೇಲೆ ಅದು ಇತ್ಯರ್ಥವಾಯಿತು. ಭಾವಚಿತ್ರದ ಪ್ರಸಂಗ ಇನ್ನೊಂದು. ಜಯಮ್ಮನವರು ಜನ್ಮದಲ್ಲಿ ಕ್ಯಾಮರಾದ ಮುಂದೆ ಗಂಡನ ಪಕ್ಕದಲ್ಲಿ ನಿಂತವರಲ್ಲ. ಕೊಣನೂರಿನ ಸ್ಟುಡಿಯೋದಲ್ಲಿ, ಹಿಂದೆ ಬರೆದಿದ್ದ ಹಂಸ ಮತ್ತು ಕೊಳದ ಪರದೆಯ ಮುಂದೆ, ಇಬ್ಬರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತರು. ಫೋಟೋದವನು ಹತ್ತಿರ ಸರಿಯಿರೆಂದು ಎಷ್ಟು ಹೇಳಿದರೂ ಸರಿಯಲಿಲ್ಲ. ಆ ಜಾಗವೂ ಸೇರಿಯೇ ಫೋಟೋ ಅಲಹಾಬಾದಿಗೆ ಹೋಯಿತು. ಸೈನ್ಯದ ಪಿಂಚಣಿಗಳನ್ನೆಲ್ಲ ಮಂಜೂರು ಮಾಡುವ ರಕ್ಷಣಾ ಲೆಕ್ಕಪತ್ರಗಳ ಕಛೇರಿ ಇರುವುದು ಅಲ್ಲಿಯೇ. ದಾಖಲಾತಿ ಕಛೇರಿ ಹೊಸ ಆಜ್ಞೆಯನ್ನು ಹೊರಡಿಸಿದ ಮೇಲೆ ಅಲ್ಲಿಂದ ತಿದ್ದುಪಡಿಯ ಪಿಂಚಣಿ ಆದೇಶ ಬರಬೇಕು. ಅದು ಬ್ಯಾಂಕನ್ನು ತಲಪಬೇಕು. ಬಂದಿತು, ತಡವಾಗಿ, ಆದರೆ ಬಂದಿತು. ‘ಪುಟ್ಟಿ ದೇವಿ ಎಂಬುದರ ಬದಲಾಗಿ ಜಯಮ್ಮ ಎಂದು ಓದಿಕೊಳ್ಳತಕ್ಕದ್ದು’ ಎಂಬ ಅರ್ಥದ ಒಂದೇ ಸಾಲು.

ಗಾಯದ ಸಾಲು ಮಾತ್ರ ಇದ್ದ ಹಾಗೆಯೇ ಉಳಿಯಿತು. ಅಂದು ಅವರನ್ನು ಗಾಡಿಯಿಂದ ಎಳೆದವರಲ್ಲಿ ಒಬ್ಬರು, ಧರ್ಮಪುರಿಯ ಕಡೆಯ ನಿವೃತ್ತ ಸುಬೇದಾರರು, ಮೈನಿನ ಗುಂಡಿಯನ್ನು ತಾವು ಕಂಡುದಾಗಿ ತಮಿಳಿನಲ್ಲಿ ಎರಡು ಪುಟಗಳ ಪತ್ರ ಬರೆದು ಕಳುಹಿಸಿದರು. ಅದನ್ನು ಇಂಗ್ಲಿಷಿಗೆ ಮಾಡಿಸಿ ಲಗತ್ತಿಸಿದೆವು. ಸಂಗತಿ ನಡೆದ ಇಷ್ಟು ವರ್ಷಗಳ ಮೇಲೆ ಹುಟ್ಟಿದ ಹೇಳಿಕೆಯನ್ನು ಸ್ವೀಕರಿಸಲಾಗದೆಂದೂ, ಅಂದಿನ ವಿಚಾರಣಾ ಸಮಿತಿಯ ನಡವಳಿ ಬೇಕೆಂದೂ ಉತ್ತರ ಬಂದಿತು. ಪಲಟಣಕ್ಕೆ ಬರೆದೆವು, ನಡವಳಿ ಅಲ್ಲಿರಲಿಲ್ಲ. ಹಳ್ಳಿಯವರ ಬದುಕಿನಲ್ಲಿ ಸಾಕ್ಷಿಯೆಂದರೆ ಕಂಡ ಮನುಷ್ಯ. ಕಛೇರಿಯಲ್ಲಿ ಸಾಕ್ಷಿಯೆಂದರೆ ಅದಕ್ಕಿಂತ ಹಳೆಯದಾದ ಇನ್ನೊಂದು ಕಾಗದ. ಆ ಕಾಗದ ಇಲ್ಲದವನಿಗೆ ಆಗ ಉಳಿದಿದ್ದ ದಾರಿ ಹೈಕೋರ್ಟಿನಲ್ಲಿ ರಿಟ್ ಹಾಕುವುದೊಂದೇ, ಅದರ ಖರ್ಚನ್ನು ಕೇಳಿ ಹವಾಲ್ದಾರರು, “ಒಂದು ಸಾಲಿಗೆ ಎರಡೆಕರೆ ಗದ್ದೆಯೇ?” ಎಂದರು. ಸೈನಿಕರಿಗೆಂದೇ ಸಶಸ್ತ್ರ ಪಡೆಗಳ ನ್ಯಾಯಮಂಡಲಿ 2007ರ ಕಾಯಿದೆಯಿಂದ ಹುಟ್ಟಿ ಕೆಲಸ ಪ್ರಾರಂಭಿಸಿದ್ದು 2009ರಲ್ಲಿ. ಭರ್ತಿಯ ಸಮಯದಲ್ಲಿ ದೇಹದಲ್ಲಿದೆಯೆಂದು ಬರೆಯದಿದ್ದ ಊನ ಸೇವೆಯಲ್ಲಿ ಬಂದರೆ ಅದು ಸೇವೆಯಿಂದಲೇ ಬಂದುದೆಂದು ಭಾವಿಸತಕ್ಕದ್ದು, ಅಲ್ಲವೆಂದು ತೋರಿಸುವ ಭಾರ ಸರ್ಕಾರದ್ದು ಎಂಬ ಸರ್ವೋಚ್ಚ ನ್ಯಾಯಾಲಯದ ಮಹತ್ತ್ವದ ತೀರ್ಪು ಬಂದದ್ದು 2013ರಲ್ಲಿ. ಹವಾಲ್ದಾರರು ತೀರಿಕೊಂಡದ್ದು 2004ರಲ್ಲಿ.

ಕಾಗದವೇ ಇಲ್ಲದವರ ಪಾಡನ್ನೂ ನಾನು ಕಂಡಿದ್ದೇನೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಗಡಿಯಲ್ಲಿದ್ದು, 1946ರಲ್ಲಿ ಇನಾಮಿನ ಒಂದಿಷ್ಟು ಹಣದೊಡನೆ ಮನೆಗೆ ಕಳುಹಿಸಲ್ಪಟ್ಟ ನೆರೆಹಳ್ಳಿಯ ವೃದ್ಧರೊಬ್ಬರು, ಪಿಂಚಣಿಯಿಲ್ಲದ ಅಂಥವರಿಗೆ ದೊರೆಯುತ್ತಿದ್ದ ಸಹಾಯಕ್ಕಾಗಿ ನನ್ನಿಂದ ಅರ್ಜಿ ಬರೆಯಿಸಿದರು. ಅವರ ಪುಸ್ತಕವನ್ನು ಗೆದ್ದಲು ತಿಂದಿದ್ದಿತು. ಪಿಂಚಣಿ ಇಲ್ಲದವರ ಕಡತಗಳನ್ನು 25 ವರ್ಷಗಳ ಮೇಲೆ ನಾಶಪಡಿಸುವುದು ಸೈನ್ಯದ ನಿಯಮ; ಉಳಿಯುವುದು ಲಾಂಗ್ ರೋಲ್ ಎಂಬ ದೊಡ್ಡ ಪುಸ್ತಕದಲ್ಲಿನ ಒಂದು ಸಾಲು. ಅವರ ಪುಣ್ಯಕ್ಕೆ ಆ ಸಾಲು ಸರಿಯಾಗಿದ್ದಿತು. ಅಮೆರಿಕದಲ್ಲಿಯೂ 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ದಾಖಲಾತಿ ಕಟ್ಟಡಕ್ಕೆ ಬೆಂಕಿ ಬಿದ್ದು, 160 ಲಕ್ಷಕ್ಕೂ ಹೆಚ್ಚು ಸೈನಿಕರ ಕಡತಗಳು ಸುಟ್ಟುಹೋದುವೆಂದು ಮುಂದೆಂದೋ ಓದಿದೆ. ಆದರೆ ಅವರು ಒಂದು ಕೆಲಸ ಮಾಡಿದ್ದರು. ಒಬ್ಬೊಬ್ಬ ಸಿಪಾಯಿಯ ದಾಖಲೆಯನ್ನು ತಿದ್ದಲು ಅವರ ಸಂಸತ್ತೇ ಪ್ರತ್ಯೇಕ ಮಸೂದೆ ಮಾಡಬೇಕಾಗಿದ್ದ ಪದ್ಧತಿಯನ್ನು 1946ರಲ್ಲಿ ನಿಲ್ಲಿಸಿ, ಅದಕ್ಕೆಂದೇ ಸೈನಿಕೇತರರ ಮಂಡಲಿಗಳನ್ನು ಏರ್ಪಡಿಸಿದರು. ದಾಖಲೆಯಲ್ಲಿ ತಪ್ಪಾಗುವುದು ಸಹಜವೆಂದು ಸರ್ಕಾರವೇ ಒಪ್ಪಿಕೊಂಡು ಅದಕ್ಕೊಂದು ಬಾಗಿಲನ್ನು ಇಟ್ಟಿರುವುದಕ್ಕೂ, ತಪ್ಪನ್ನು ತೋರಿಸಿದವನನ್ನೇ ಅನುಮಾನದಿಂದ ನೋಡುವುದಕ್ಕೂ ವ್ಯತ್ಯಾಸವಿದೆ. ನಮ್ಮಲ್ಲಿ ನ್ಯಾಯಮಂಡಲಿ ಬಂದದ್ದು ಒಳ್ಳೆಯದೇ. ಆದರೆ ಒಂದು ಹೆಸರನ್ನು ತಿದ್ದಿಸಲು ಮುದುಕರು ವಕೀಲರನ್ನು ಹುಡುಕುವ ಹಾಗಾಗಬಾರದು.

ಹವಾಲ್ದಾರರು ತೀರಿಕೊಂಡ ಮೇಲೆ ಜಯಮ್ಮನವರು ಮರಣಪತ್ರವನ್ನೂ ಆ ಒಂದು ಸಾಲಿನ ತಿದ್ದುಪಡಿಯನ್ನೂ ಹಿಡಿದು ಬ್ಯಾಂಕಿಗೆ ಹೋದರು. ಕೆಲವು ತಿಂಗಳಲ್ಲಿ ಕುಟುಂಬ ಪಿಂಚಣಿ ಪ್ರಾರಂಭವಾಯಿತು. ಈಗ ಎಲ್ಲವೂ ಕಂಪ್ಯೂಟರಿಗೆ ಬಂದಿದೆ. ‘ಸ್ಪರ್ಶ್’ ಎಂಬ ಹೊಸ ಏರ್ಪಾಡಿನಲ್ಲಿ ಪಿಂಚಣಿ ಆದೇಶದಲ್ಲಿನ ಹೆಸರು ಆಧಾರಿನ ಹೆಸರಿಗೆ ಅಕ್ಷರಶಃ ಹೊಂದದಿದ್ದರೆ ತೊಂದರೆಯೇ. ಹಿಂದೆ ಪರಿಚಯದ ಬ್ಯಾಂಕಿನವರು ನೋಡಿಯೂ ನೋಡದಂತೆ ಬಿಡುತ್ತಿದ್ದ ವ್ಯತ್ಯಾಸವನ್ನು ಯಂತ್ರ ಬಿಡುವುದಿಲ್ಲ. ಆದಕಾರಣ ಈ ಬರಹವನ್ನು ಓದುವವರ ಮನೆಯಲ್ಲಿ ದಂಡಿನಿಂದ ಬಂದ ತಂದೆಯೋ ಅಜ್ಜನೋ ಇದ್ದರೆ, ಅವರ ಡಿಸ್ಚಾರ್ಜ್ ಪುಸ್ತಕವನ್ನೂ ಪಿಂಚಣಿ ಆದೇಶವನ್ನೂ ಈ ಭಾನುವಾರವೇ ಪೆಟ್ಟಿಗೆಯಿಂದ ತೆಗೆಯಿಸಿ, ಪದಕಗಳ ಪುಟವನ್ನು ಆಮೇಲೆ ನೋಡಿದರೂ ಆದೀತು, ಮೊದಲು ಹೆಂಡತಿಯ ಹೆಸರು, ಹುಟ್ಟಿದ ತಾರೀಖು, ಮಕ್ಕಳ ಹೆಸರುಗಳನ್ನು ಆಧಾರಿನೊಂದಿಗೆ ಇಟ್ಟು ಓದಿ ನೋಡಿರಿ. ಹೊಂದದಿದ್ದರೆ ಅವರು ಇರುವಾಗಲೇ, ಅವರ ಕೈಯ ರುಜುವಿನೊಂದಿಗೆ, ಜಿಲ್ಲೆಯ ಸೈನಿಕ ಕಲ್ಯಾಣ ಕಛೇರಿಯ ಮೂಲಕ ಅರ್ಜಿ ಕೊಡಿಸಿರಿ. ಇನ್ನೂ ಸೇವೆಯಲ್ಲಿರುವ ಹುಡುಗರಾದರೆ ಕೆಲಸ ಮತ್ತಷ್ಟು ಸುಲಭ: ರಜೆ ಮುಗಿಸಿ ಹೋದವರು ಪಲಟಣದ ಗುಮಾಸ್ತನ ಬಳಿ ನಿಂತು, ನಾಚಿಕೊಳ್ಳದೆ, ಹೆಂಡತಿಯ ಪೂರ್ತಿ ಹೆಸರನ್ನು ಆಧಾರಿನಲ್ಲಿರುವಂತೆಯೇ ಬರೆದುಕೊಡಲಿ.